ನಲವತ್ತೊಂದನೇ ಮನೆಯ ನೀರು

ಮನುಷ್ಯರ ಉಸಿರು ಮೀನಿನ ತೊಟ್ಟಿಯ ನೀರಿನಲ್ಲಿ ಗುರುತು ಬಿಡುತ್ತದೆ ಎಂಬುದು ಧಾರವಾಡದ ಸಿಹಿನೀರು ಮೀನು ಕೇಂದ್ರದವರಿಗೆ ಮೊದಲು ಗೊತ್ತಾದದ್ದು ಒಂದು ಕ್ರಿಕೆಟ್ ಪಂದ್ಯದ ಸಂಜೆ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಮುನ್ನೂರು ಮನೆಗಳ ತೊಟ್ಟಿ ನೀರಿನ ಹದ ತೋರಿಸುವ ಮುನ್ನೂರು ಹಸಿರು ಗೆರೆಗಳು ಎಂದಿನಂತೆ ನೆಟ್ಟಗೆ ಸಾಗುತ್ತಿದ್ದವು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಅವುಗಳಲ್ಲಿ ಮುಕ್ಕಾಲು ಪಾಲು ಒಟ್ಟಿಗೇ ಕೆಳಗೆ ಬಾಗಿದವು. ಗೆರೆಗಳನ್ನು ಕಾಯುವ ಕೆಲಸದ ಮುರಿಗೆಪ್ಪ ಗಾಬರಿಯಾಗಿ ಡಾ. ಮಂದಾಕಿನಿ ಬೆಟಗೇರಿಯವರ ಕೋಣೆಗೆ ಓಡಿದ.

"ಮೇಡಂ, ಊರಾಗಿನ ತೊಟ್ಟಿ ನೀರೆಲ್ಲಾ ಒಮ್ಮೆಲೇ ಹುಳಿ ಆಗಾಕತ್ತೈತಿ, ಬರ್ರಿ ಲಗೂ!"

ಮಂದಾಕಿನಿ ಬಂದು ಗೋಡೆಯನ್ನು ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಏನೂ ಆಗಿಲ್ಲ ಮುರಿಗೆಪ್ಪನವರ. ಎಲ್ಲಾರೂ ಟಿವಿ ಮುಂದ ಕೂತಾರ. ಬಾಗಿಲಾ ಕಿಟಕಿ ಹಾಕ್ಕೊಂಡು ಹತ್ತು ಮಂದಿ ಒಂದ ಕೋಣ್ಯಾಗ ಉಸಿರು ಬಿಟ್ರ ಆ ಗಾಳಿ ನೀರಿನೊಳಗ ಕರಗತದ. ಸೋಡಾ ಬಾಟ್ಲಿ ಹುಳಿ ಇರತದಲ್ಲ, ಹಂಗ. ಕಿಟಕಿ ತಗದ ಮ್ಯಾಲೆ ತಾನ ಸರಿ ಹೋಗತದ."

ಹಾಗೇ ಆಯಿತು. ಮರುದಿನ ಬೆಳಿಗ್ಗೆ ಗೆರೆಗಳೆಲ್ಲ ಮೊದಲಿನ ಮಟ್ಟಕ್ಕೆ ಬಂದಿದ್ದವು. ಅಂದಿನಿಂದ ಕೇಂದ್ರದಲ್ಲಿ ಅದೊಂದು ತಮಾಷೆಯ ಮಾತಾಯಿತು. ಯಾರ ಮನೆಯಲ್ಲಿ ಸೀಮಂತ, ಯಾರ ಮನೆಯವರು ಊರಿಗೆ ಹೋಗಿದ್ದಾರೆ ಎಂಬುದನ್ನು ಮುರಿಗೆಪ್ಪ ಗೆರೆ ನೋಡಿಯೇ ಹೇಳತೊಡಗಿದ.

ಆ ತೊಟ್ಟಿಗಳಲ್ಲಿದ್ದ ಮೀನಿಗೆ ಜನ ಇಟ್ಟ ಹೆಸರು ಕೆಂಡರೆಕ್ಕೆ. ಕಾಡಿನ ಒಂದೇ ಒಂದು ಹಳ್ಳದಲ್ಲಿ ಬದುಕಿದ್ದ, ಬೆರಳುದ್ದದ ಮೀನು. ಹಳ್ಳದ ನೀರು ಕೆಟ್ಟು ಅದು ಅಳಿಯುವ ಹಂತಕ್ಕೆ ಬಂದಾಗ ಉಳಿದಷ್ಟನ್ನು ಹಿಡಿದು ತಂದು ಧಾರವಾಡ-ಹುಬ್ಬಳ್ಳಿಯ ಮನೆಗಳಿಗೆ ಹಂಚಲಾಗಿತ್ತು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಂದೇ ರೋಗಕ್ಕೆ ಎಲ್ಲವೂ ಹೋದಾವೆಂಬ ಭಯ. ಆದರೆ ಹಳ್ಳದ ನೀರು ಮೆದು, ಕೊಂಚ ಹುಳಿ. ಅದರ ಪಿಎಚ್ ಏಳಕ್ಕಿಂತ ಒಂದಿಷ್ಟು ಕಡಿಮೆ. ಧಾರವಾಡದ ಬೋರ್‌ವೆಲ್ ನೀರಾದರೋ ಗಡಸು, ಕ್ಷಾರ. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ಮನೆಯ ಜನ ಆ ನೀರನ್ನು ಮಳೆನೀರಿನೊಂದಿಗೆ ಬೆರೆಸಿ, ದಿನಾ ಅಳೆದು, ಹದ ತಪ್ಪದಂತೆ ನೋಡಿಕೊಳ್ಳುವುದು ಆಗದ ಮಾತು.

ಅದಕ್ಕೆ ಪರಿಹಾರ ಕಂಡುಹಿಡಿದವಳು ಮಂದಾಕಿನಿ. ಅಂಗೈ ಅಗಲದ, ಸಣ್ಣ ರಂಧ್ರಗಳ ಒಂದು ಕಲ್ಲು. ತೊಟ್ಟಿಯ ತಳದಲ್ಲಿಟ್ಟರೆ ಅದು ನೀರಿನ ಪಿಎಚ್ಚನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆದು ಕೇಂದ್ರಕ್ಕೆ ಕಳಿಸುತ್ತಿತ್ತು. ಅದರ ಹೊಟ್ಟೆಯಲ್ಲಿ ಎರಡು ಗೂಡು. ಒಂದರಲ್ಲಿ ಕ್ಷಾರ, ಇನ್ನೊಂದರಲ್ಲಿ ಹುಳಿ. ಮೀನಿನ ಹೊಲಸಿನಿಂದ ನೀರು ನಿಧಾನವಾಗಿ ಹುಳಿಯತ್ತ ಸರಿದಾಗ ಕಲ್ಲು ಒಂದಿಷ್ಟು ಕ್ಷಾರ ಬಿಡುತ್ತಿತ್ತು. ಯಾರೋ ತಿಳಿಯದೆ ಗಡಸು ನೀರು ಸುರಿದರೆ ಹುಳಿ ಬಿಡುತ್ತಿತ್ತು. ಉಸಿರಿನಂಥ ಸಣ್ಣ ಇಳಿತಕ್ಕೆ ಮಾತ್ರ ಅದು ಕೈ ಹಾಕುತ್ತಿರಲಿಲ್ಲ. "ಅಂಕಿ ಸರಿ ಮಾಡ್ಲಿಕ್ಕೆ ಹೋಗಬ್ಯಾಡ್ರಿ. ನೀರು ಅಲ್ಲಾಡದ ಇದ್ರ ಸಾಕು" ಎಂದು ಮೀನು ಸಾಕುವ ಪ್ರತಿ ಮನೆಯವರಿಗೂ ಮಂದಾಕಿನಿ ಹೇಳಿದ್ದಳು.

ನಲವತ್ತೊಂದನೇ ಮನೆ ಪ್ರಹ್ಲಾದ ಗುಡಗೇರಿಯದು. ಸಪ್ತಾಪುರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅವನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹಿಂದಿನ ವರ್ಷದವರೆಗೆ ಮಂದಾಕಿನಿಯ ಗಂಡ. ಕಲ್ಲಿನ ಮೊದಲ ಪರೀಕ್ಷೆ ನಡೆದದ್ದೇ ಆ ಮನೆಯ ತೊಟ್ಟಿಯಲ್ಲಿ. ಹದಿನಾರು ವರ್ಷ ಸಂಸಾರ ಮಾಡಿದ ಇಬ್ಬರೂ ಜಗಳವಾಡದೆ ಬೇರೆಯಾಗಿದ್ದರು. ಒಂದು ಹಂತದ ನಂತರ ಇಬ್ಬರಿಗೂ ಊಟದ ಹೊತ್ತಿನಲ್ಲಿ ಆಡುವ ಮಾತು ಸಿಗದಾಗಿತ್ತು. ಮಂದಾಕಿನಿ ಮಾಳಮಡ್ಡಿಯಲ್ಲಿ ಒಂದು ಮಹಡಿ ಮನೆ ಹಿಡಿದಳು. ತೊಟ್ಟಿಯನ್ನು ಎತ್ತಿದರೆ ಮೀನುಗಳಿಗೆ ಅಪಾಯವೆಂದು ಅದು ಅಲ್ಲಿಯೇ ಉಳಿಯಿತು.

ಮುನ್ನೂರು ಗೆರೆಗಳಲ್ಲಿ ಆ ಒಂದನ್ನು ಅವಳು ದಿನಾ ಮೊದಲು ನೋಡುತ್ತಿದ್ದಳು. ಅದು ಚಾಳಿ, ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಒಬ್ಬಂಟಿ ಮನುಷ್ಯನ ಗೆರೆ ಅದು, ಹಗಲೆಲ್ಲ ಸಪಾಟು, ಸಂಜೆಯೂ ಸಪಾಟು. ಪ್ರಹ್ಲಾದ ಚಳಿಗಾಲದಲ್ಲೂ ಕಿಟಕಿ ಹಾಕುವವನಲ್ಲ. ತೊಟ್ಟಿಯ ಮೇಲೆ ಗಾಳಿ ಬಡಿಯಬಾರದೆಂದು ಅವಳು ಎಷ್ಟು ವರ್ಷ ಹೇಳಿದ್ದಳು! "ಕಿಟಕಿ ಹಾಕಿದ ಕೋಣ್ಯಾಗ ನನಗ ಜೀವ ಹೋದಂಗ ಆಗತದ" ಎಂದು ಅವನು ಪ್ರತಿ ಸಲ ತೆಗೆದೇ ಬಿಡುತ್ತಿದ್ದ.

ದಸರಾ ರಜೆ ಮುಗಿದ ಮೇಲೆ ಆ ಗೆರೆ ಸಂಜೆ ಹೊತ್ತು ಕೆಳಗೆ ಬಾಗತೊಡಗಿತು.

ಮೊದಲ ದಿನ ಯಾರೋ ನೆಂಟರಿರಬೇಕು ಎಂದುಕೊಂಡಳು. ವಾರ ಕಳೆದರೂ ಬಾಗು ಹೋಗಲಿಲ್ಲ. ಸಂಜೆಯ ಚಹಾದ ಹೊತ್ತಿಗೆ ಶುರುವಾಗಿ ಬೆಳಗಿನವರೆಗೆ ಇಳಿದೇ ಇರುತ್ತಿತ್ತು. ಬೆಳಿಗ್ಗೆ ಯಾರೋ ಕಿಟಕಿ ತೆಗೆಯುತ್ತಿದ್ದರು, ಗೆರೆ ಏರುತ್ತಿತ್ತು.

"ನಲವತ್ತೊಂದು ಕೆಳಗ ಇಳದೈತಿ ಮೇಡಂ" ಎಂದ ಮುರಿಗೆಪ್ಪ. ಅದು ಯಾರ ಮನೆ ಎಂಬುದು ಅವನಿಗೆ ಗೊತ್ತಿತ್ತು. ಮಿಕ್ಕ ಮನೆಗಳ ವಿಷಯದಲ್ಲಿ ಮಾಡುವ ತಮಾಷೆಯನ್ನು ಅವನು ಇಲ್ಲಿ ಮಾಡಲಿಲ್ಲ. ಆ ಮೌನವೇ ಅವಳಿಗೆ ಚುಚ್ಚಿತು.

"ಕಲ್ಲಿನ ಅಳೆಯೂ ಕಣ್ಣು ಮಸುಕಾಗಿರಬೇಕು. ನಾ ನೋಡ್ತೀನಿ" ಎಂದಳು.

ಅಂದು ಸಂಜೆ ಮನೆಗೆ ಬಂದವಳೇ ಮಾಳಮಡ್ಡಿಗೆ ಬಂದ ಮೇಲೆ ಇಟ್ಟುಕೊಂಡ ತನ್ನ ಸ್ವಂತ ತೊಟ್ಟಿಯ ಮುಂದೆ ಕುಳಿತಳು. ಅವಳ ಪಡಸಾಲೆ ಪ್ರಹ್ಲಾದನ ಪಡಸಾಲೆಯಷ್ಟೇ ಇತ್ತು, ತೊಟ್ಟಿಯೂ ಅದೇ ಅಳತೆಯದು. ಎಲ್ಲ ಕಿಟಕಿ ಹಾಕಿ ಒಂದು ತಾಸು ಪುಸ್ತಕ ಓದಿದಳು. ಗೆರೆ ಇಳಿಯಿತು, ಆದರೆ ಪ್ರಹ್ಲಾದನ ಮನೆಯಷ್ಟಲ್ಲ. ಕಿಟಕಿ ತೆಗೆದು ಗಾಳಿಯಾಡಲು ಬಿಟ್ಟು, ಕೆಳಗೆ ಹೋಗಿ ಮನೆಯೊಡತಿ ಗೌರಕ್ಕನನ್ನು ಚಹಾಕ್ಕೆ ಕರೆದುಕೊಂಡು ಬಂದಳು. ಮತ್ತೆ ಕಿಟಕಿ ಹಾಕಿದಳು.

ಗೌರಕ್ಕ ಮೊದಲು ಮಗಳ ಹೆರಿಗೆಯ ವಿಷಯ ಹೇಳಿದಳು, ಆಮೇಲೆ ನಳದ ನೀರು ಬಾರದ್ದರ ವಿಷಯ. ಮಂದಾಕಿನಿ ಹೂಂಗುಟ್ಟುತ್ತ ಮೊಬೈಲಿನಲ್ಲಿ ಗೆರೆಯನ್ನೇ ನೋಡುತ್ತಿದ್ದಳು.

"ಕಿಟಕಿ ತಗಿಯವ್ವಾ, ಉಸಿರ ಕಟ್ಟಿದಂಗ ಆಗಾಕತ್ತೈತಿ."

"ಇನ್ನೊಂದ ಸ್ವಲ್ಪ ಕೂಡ್ರಿ ಗೌರಕ್ಕ. ಇನ್ನೊಂದ ಕಪ್ಪು ಚಹಾ ಮಾಡ್ತೀನಿ."

"ಯಾಕ, ಏನರ ಹೇಳೂದೈತೇನು ನಿನಗ?" ಎಂದು ಗೌರಕ್ಕ ಮುಖ ನೋಡಿ ಕೇಳಿದಳು. "ನೀ ಹಿಂಗ ಕರದವಳಲ್ಲ ಎಂದೂ."

ಮಂದಾಕಿನಿ ಮೊಬೈಲಿನತ್ತ ನೋಡಿದಳು. ಅಷ್ಟು ಹೊತ್ತಿಗೆ ಗೆರೆ ನಿಂತಿತು. ನಲವತ್ತೊಂದನೇ ಮನೆಯ ಗೆರೆ ಎಲ್ಲಿ ನಿಲ್ಲುತ್ತದೋ ಸರಿಯಾಗಿ ಅಲ್ಲಿ. ಇಬ್ಬರು ಮನುಷ್ಯರು, ಹಾಕಿದ ಕಿಟಕಿ.

ಗೌರಕ್ಕ ಹೋದ ಮೇಲೆ ಅವಳು ಕಪ್ಪುಗಳನ್ನು ತೊಳೆದಿಟ್ಟಳು. ಅವನ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದಕ್ಕಿಂತ ಆ ಕಿಟಕಿಯೇ ಅವಳನ್ನು ಹೆಚ್ಚು ಸುಟ್ಟಿತು. ಹದಿನಾರು ವರ್ಷ ತನಗಾಗಿ ಒಂದು ದಿನವೂ ಹಾಕದ ಕಿಟಕಿಯನ್ನು ಅವನು ಯಾರಿಗಾಗಿಯೋ ದಿನಾ ಹಾಕುತ್ತಿದ್ದ.

ಮುಂದಿನ ದಿನಗಳಲ್ಲಿ ಕೆಲಸ ಅವಳ ಕೈಗೆ ಹತ್ತಲಿಲ್ಲ. ಸಂಜೆ ಎಲ್ಲರೂ ಹೊರಟರೂ ಅವಳು ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಬಾಗು ತಡವಾದರೆ ಇಬ್ಬರೂ ಎಲ್ಲಿಗೋ ತಿರುಗಾಡಲು ಹೋಗಿದ್ದಾರೆ. ಬೇಗ ಶುರುವಾದರೆ ಅವನು ಶಾಲೆ ಬಿಟ್ಟೊಡನೆ ಓಡಿ ಬಂದಿದ್ದಾನೆ. ತನಗಾಗಿ ಅವನು ಎಂದಾದರೂ ಓಡಿ ಬಂದಿದ್ದನೇ? ಒಂದು ಆದಿತ್ಯವಾರ ಗೆರೆ ಇಡೀ ದಿನ ಕೆಳಗೇ ಇತ್ತು. ಅಂದು ಅವಳು ಊಟ ಮಾಡಲಿಲ್ಲ.

ಕೊನೆಗೆ ಆ ಬಾಗನ್ನು ನೋಡುವುದೇ ಆಗದೆಂದಾಯಿತು. ಒಂದು ಮಧ್ಯಾಹ್ನ, ಮುರಿಗೆಪ್ಪ ಊಟಕ್ಕೆ ಹೋಗಿದ್ದಾಗ, ನಲವತ್ತೊಂದನೇ ಕಲ್ಲಿಗೆ ಅವಳು ತನ್ನ ಕೈಯಿಂದಲೇ ಒಂದು ಆಜ್ಞೆ ಕೊಟ್ಟಳು. ದಿನಾ ಸಂಜೆ ಇಷ್ಟು ಕ್ಷಾರ ಬಿಡು. ಬೆಳಿಗ್ಗೆ ಅಷ್ಟೇ ಹುಳಿ ಬಿಟ್ಟು ಅದನ್ನು ಸರಿದೂಗಿಸು. ಅಂದು ಸಂಜೆ ಗೆರೆ ಬಾಗಲಿಲ್ಲ. ಮರುದಿನವೂ ಬಾಗಲಿಲ್ಲ. ಗೋಡೆಯ ಮೇಲೆ ಪ್ರಹ್ಲಾದ ಮತ್ತೆ ಒಬ್ಬಂಟಿಯಾದ.

ಮಂದಾಕಿನಿಗೆ ತಾನು ಮಾಡುತ್ತಿರುವುದು ತಪ್ಪೆಂದು ಗೊತ್ತಿರಲಿಲ್ಲವೆಂದಲ್ಲ. ಅಂಕಿಯ ಬೆನ್ನು ಹತ್ತಬೇಡಿ ಎಂದು ಊರಿಗೆಲ್ಲ ಹೇಳಿದವಳು ಅವಳೇ. ಒಂದೆರಡು ದಿನ ಅಷ್ಟೇ, ಮನಸ್ಸು ಹಗುರಾದ ಮೇಲೆ ತೆಗೆದುಬಿಡುತ್ತೇನೆ ಎಂದುಕೊಂಡಳು. ಮನಸ್ಸು ನಿಜವಾಗಿಯೂ ಹಗುರಾಯಿತು, ಅದಕ್ಕೇ ತೆಗೆಯಲಿಲ್ಲ. ಅದೇ ದಿನಗಳಲ್ಲಿ ನಲವತ್ತೊಂದನೇ ಮನೆಯಿಂದ ಸುದ್ದಿ ಬಂತು. ಕೆಂಡರೆಕ್ಕೆಗಳು ಪಾಚಿಯ ನಡುವೆ ಮೊಟ್ಟೆ ಇಟ್ಟಿವೆ. ಮುನ್ನೂರು ಮನೆಗಳಲ್ಲಿ ಇದೇ ಮೊದಲು. ಕೇಂದ್ರದಲ್ಲಿ ಎಲ್ಲರೂ ಪೇಢೆ ಹಂಚಿಕೊಂಡರು. ಮಂದಾಕಿನಿಯೂ ತಿಂದಳು. ನಾನಿದ್ದಾಗ ಇಡದ ಮೊಟ್ಟೆ, ಅವಳು ಬಂದ ಮೇಲೆ ಇಟ್ಟವು ಎಂಬ ಯೋಚನೆ ಪೇಢೆಯ ಜತೆಗೇ ಗಂಟಲಲ್ಲಿ ಇಳಿಯಿತು.

ಕಲ್ಲಿನ ಗೂಡುಗಳು ವರ್ಷಕ್ಕೆ ಸಾಕಾಗುವಷ್ಟು ತುಂಬಿರುತ್ತಿದ್ದವು. ಖಾಲಿಯಾಗುವ ಮುನ್ನ ಕೇಂದ್ರಕ್ಕೆ ಎಚ್ಚರಿಕೆ ಬರುತ್ತಿತ್ತು. ಆದರೆ ಕೈಯಾರೆ ಕೊಟ್ಟ ಆಜ್ಞೆಯಿಂದ ಖರ್ಚಾದದ್ದನ್ನು ಆ ಎಚ್ಚರಿಕೆ ಹಿಡಿಯುತ್ತಿರಲಿಲ್ಲ. ಮೀನಿನ ಹೊಲಸಿಗೂ ಖರ್ಚಾಗುತ್ತಿದ್ದ ಕ್ಷಾರದ ಗೂಡು ಒಂದು ಶನಿವಾರ ಬರಿದಾಯಿತು. ಹುಳಿಯ ಗೂಡಿನಲ್ಲಿ ಇನ್ನೂ ಉಳಿದಿತ್ತು. ಕಲ್ಲು ಆಜ್ಞೆ ಮೀರಲಿಲ್ಲ. ಆದಿತ್ಯವಾರ ಬೆಳಿಗ್ಗೆ ಹುಳಿ ಬಿಟ್ಟಿತು, ಸೋಮವಾರ ಬೆಳಿಗ್ಗೆ ಮತ್ತೆ ಬಿಟ್ಟಿತು. ಅದನ್ನು ತಡೆದುಕೊಳ್ಳುವ ಶಕ್ತಿ ನೀರಿನಲ್ಲಿ ಉಳಿದಿರಲಿಲ್ಲ.

"ಮೇಡಂ!" ಎಂದು ಮುರಿಗೆಪ್ಪ ಕೂಗಿದಾಗ ಅವಳು ಆಗಷ್ಟೇ ಚೀಲ ಇಳಿಸುತ್ತಿದ್ದಳು. ಗೋಡೆಯ ಮೇಲೆ ಒಂದು ಗೆರೆ ಮೆಟ್ಟಿಲಿನಿಂದ ಜಾರಿದಂತೆ ಕೆಳಗೆ ಬಿದ್ದಿತ್ತು. ಏಳರ ಹತ್ತಿರ ಇರಬೇಕಾದದ್ದು ಐದಕ್ಕೆ ಬರುತ್ತಿತ್ತು.

ಅವಳು ಆಜ್ಞೆಯನ್ನು ರದ್ದು ಮಾಡಿದಳು. ಸಣ್ಣ ನಳಿಗೆ, ಪರೀಕ್ಷೆಯ ಹನಿ, ಹದ ಮಾಡಿದ ನೀರಿನ ಎರಡು ಕ್ಯಾನು ಕಾರಿಗೆ ಹಾಕಿಕೊಂಡು ಹೊರಟಳು. "ನಾನೂ ಬರ್ತೀನ್ರಿ" ಎಂದ ಮುರಿಗೆಪ್ಪನನ್ನು ಬೇಡವೆಂದಳು.

ಬಾಗಿಲು ತೆಗೆದವಳು ಅವಳದೇ ವಯಸ್ಸಿನ, ಎತ್ತರದ, ಗಟ್ಟಿ ಮೈಯ ಹೆಂಗಸು. ಕೊರಳಲ್ಲಿ ತಾಳಿ. ಬಾಗಿಲ ಹಿಂದಿನ ಗೂಟಕ್ಕೆ ಖಾಕಿ ಅಂಗಿ ತೂಗುತ್ತಿತ್ತು. ಸರಕಾರಿ ಬಸ್ಸಿನ ಡ್ರೈವರುಗಳದು.

"ಕೇಂದ್ರದಿಂದ ಬಂದ್ರೇನ್ರಿ? ಬರ್ರಿ, ಬರ್ರಿ. ನಾ ಕಸ್ತೂರಿ. ಇವ್ರು ಸಾಲಿಗೆ ಹೋಗ್ಯಾರ, ಫೋನ್ ಮಾಡೀನಿ. ಇವತ್ತ ನನಗ ವಾರದ ರಜಾ, ಮನ್ಯಾಗಿದ್ದೆ ಅಂತ ನೋಡಿದ್ನಿ. ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾವು."

ಮಂದಾಕಿನಿ ಹೆಸರು ಹೇಳಲಿಲ್ಲ. ಕಸ್ತೂರಿ ಕೇಳಲೂ ಇಲ್ಲ. ಅವಳ ಕೈಯಲ್ಲಿ ಅಡುಗೆ ಸೋಡಾದ ಡಬ್ಬಿ, ಚಮಚ ತುಂಬಿತ್ತು.

"ಹುಳಿ ಆದ್ರ ಸೋಡಾ ಹಾಕಬೇಕಂತ ಹೇಳಿದ್ರು ಇವ್ರು—"

ಚಮಚ ತೊಟ್ಟಿಯ ಮೇಲೆ ಹೋಗುವಷ್ಟರಲ್ಲಿ ಮಂದಾಕಿನಿ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ! ಒಮ್ಮೆಲೇ ಹಾಕಿದ್ರ ಸತ್ತ ಹೋಗ್ತಾವ. ಮೀನಿನ ಹೊಲಸಿನ ಅಮೋನಿಯಾ ನೀರೊಳಗ ಕೂತದ. ಹುಳಿ ಇರೂತನಕ ಅದು ಸುಮ್ಮನಿರತದ. ಹುಳಿ ಗಪ್ಪನ ಹೋತಂದ್ರ ಅದ ವಿಷ. ಮೊದ್ಲ ಹೊಲಸು ನೀರು ಹೊರಗ ಹೋಗಬೇಕು, ಹೊಸಾ ನೀರು ಹನಿ ಹನಿ ಒಳಗ ಬರಬೇಕು."

ಇಬ್ಬರೂ ಕೆಲಸಕ್ಕೆ ಹತ್ತಿದರು. ಮಂದಾಕಿನಿ ಕಲ್ಲನ್ನು ಎತ್ತಿ ಹೊರಗಿಟ್ಟಳು. ಕ್ಯಾನನ್ನು ಕಪಾಟಿನ ಮೇಲಿಟ್ಟು, ನಳಿಗೆಗೆ ಸಡಿಲ ಗಂಟು ಹಾಕಿ, ಹನಿ ಬೀಳುವಂತೆ ಮಾಡಿದಳು. ಕಸ್ತೂರಿ ಇನ್ನೊಂದು ನಳಿಗೆಯಿಂದ ತಳದ ನೀರನ್ನು ಬಕೆಟ್ಟಿಗೆ ಎಳೆದಳು. ಧೂಳಿನ ರಸ್ತೆಯ ಕಡೆಗಿದ್ದ ಕಿಟಕಿಯನ್ನು ಮಂದಾಕಿನಿ ತೆರೆಯ ಹೋದಾಗ ಕಸ್ತೂರಿ ಸೆರಗನ್ನು ಮೂಗಿಗೆ ಹಿಡಿದುಕೊಂಡು, "ತಗೀರಿ, ಅಡ್ಡಿಯಿಲ್ಲ. ಧೂಳ ಬಂದ್ರ ನನಗ ಉಬ್ಬಸ ಹತ್ತತೈತಿ, ಆದ್ರ ಮೀನಿಗೆ ಗಾಳಿ ಬೇಕಲ್ಲ" ಎಂದಳು.

ಮಂದಾಕಿನಿಯ ಕೈ ಕಿಟಕಿಯ ಚಿಲಕದ ಮೇಲೆಯೇ ನಿಂತಿತು. ಆಮೇಲೆ ಅವಳು ಹಿತ್ತಲ ಬಾಗಿಲನ್ನು ತೆರೆದಳು.

ಪಾಚಿಯ ನಡುವಿನ ಮೊಟ್ಟೆಗಳು ಬೆಳ್ಳಗಾಗಿದ್ದವು. ಸತ್ತ ಮೊಟ್ಟೆಯ ಬಿಳುಪು. ಆರು ಮೀನುಗಳಲ್ಲಿ ಎರಡು ತಳದಲ್ಲಿ ಮಗ್ಗುಲಾಗಿ ಮಲಗಿದ್ದವು. ಕಸ್ತೂರಿ ಅವನ್ನು ಬೊಗಸೆಯಲ್ಲಿ ಎತ್ತಿ ತಾಟಿಗೆ ಹಾಕಿ ಕಣ್ಣೊರೆಸಿಕೊಂಡಳು. "ದಿನಾ ಡ್ಯೂಟಿ ಮುಗಿಸಿ ಬಂದು ಇವುನ್ನ ನೋಡಿಕೋತ ಕೂಡತಿದ್ವಿರಿ ಇಬ್ರೂ. ಯಾಕ ಹಿಂಗಾತು?"

"ಕಲ್ಲು ಕೆಟ್ಟಿತ್ತು."

ಕಸ್ತೂರಿ ಗಡಬಡಿಸಿ ತೊಟ್ಟಿಯ ಪಕ್ಕ ಕುಳಿತು ನಳಿಗೆಯ ಗಂಟಿಗೆ ಕೈ ಹಾಕಿದಳು. "ಅಯ್ಯ, ಹಂಗಾರ ಬಾಕಿ ಮನ್ಯಾಗೂ ಕಲ್ಲು ಅದಾವಲ್ರಿ! ಮೊದ್ಲ ಅವ್ರಿಗೆ ಫೋನ್ ಮಾಡ್ರಿ. ನಾ ಹನಿ ನೋಡಿಕೋತೀನಿ, ನೀವು ಫೋನ್ ಮಾಡ್ರಿ. ಎಲ್ಲಾರ ಮೀನೂ ಸತ್ತಾವು."

ಮಂದಾಕಿನಿ ಮೊಬೈಲು ಕೈಗೆತ್ತಿಕೊಂಡು ಹಾಗೇ ನಿಂತಳು. ಯಾರಿಗೆ ಫೋನ್ ಮಾಡುವುದು?

"ಬಾಕಿ ಕಲ್ಲು ಸರಿ ಅದಾವ" ಎಂದಳು. "ಇದನ್ನ ನಾನ ಕೆಡಿಸಿದ್ದು. ನಾ ಮಂದಾಕಿನಿ."

ಕಸ್ತೂರಿ ಅವಳ ಮುಖವನ್ನೇ ನೋಡಿದಳು. ಕುಳಿತಲ್ಲಿಂದ ಏಳಲಿಲ್ಲ, ನಳಿಗೆಯ ಗಂಟಿನಿಂದ ಕೈ ತೆಗೆಯಲೂ ಇಲ್ಲ. ಮಂದಾಕಿನಿ ಎಲ್ಲವನ್ನೂ ಹೇಳಿದಳು. ಗೆರೆ, ಬಾಗು, ಗೌರಕ್ಕನ ಚಹಾ, ಕೈಯಾರೆ ಕೊಟ್ಟ ಆಜ್ಞೆ. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣ ವಿಷಯವೆಂದು ಅವಳಿಗೇ ಅನ್ನಿಸಿತು. ತಾಟಿನಲ್ಲಿದ್ದ ಎರಡು ಮೀನು ಮಾತ್ರ ಸಣ್ಣವಾಗಿ ಕಾಣಲಿಲ್ಲ.

"ನಾವು ಮನ್ಯಾಗ ಬಿಡೂ ಉಸಿರು ಎಣಿಸಾಕತ್ತಿದ್ರೇನ್ರಿ ನೀವು?" ಕಸ್ತೂರಿಯ ದನಿ ಏರಲಿಲ್ಲ. "ದಿನಾ? ಅಲ್ಲಿ ಕುಂತು?"

"ಹೌದು."

"ಬಸ್ಸಿನ್ಯಾಗ ನೂರು ಮಂದಿ ನನ್ನ ಬೆನ್ನು ನೋಡ್ತಾರ್ರಿ. ಗಾಡಿ ಹ್ಯಾಂಗ ಹೊಡೀತಾಳ, ಯಾವಾಗ ಗುದ್ದತಾಳ ಅಂತ. ಮನಿಗೆ ಬಂದು ಬಾಗಿಲಾ ಹಾಕಿದ್ರ ಯಾರೂ ನೋಡಂಗಿಲ್ಲ ಅನ್ಕೊಂಡಿದ್ನಿ." ಸ್ವಲ್ಪ ತಡೆದು ಹೇಳಿದಳು, "ಹನಿ ಜೋರಾಗೈತಿ. ಗಂಟು ಬಿಗಿ ಮಾಡ್ಲೇನು?"

"ಸ್ವಲ್ಪ ಮಾಡ್ರಿ."

ಪ್ರಹ್ಲಾದ ಬಂದಾಗ ಇಬ್ಬರೂ ತೊಟ್ಟಿಯ ಎರಡು ಬದಿಗೆ ಕುಳಿತಿದ್ದರು. ನಾಲ್ಕು ಮೀನು ಸೋತಂತೆ, ಆದರೆ ನೆಟ್ಟಗೆ ಈಜುತ್ತಿದ್ದವು. ಕಸ್ತೂರಿ ನಾಲ್ಕೇ ಮಾತಿನಲ್ಲಿ ವಿಷಯ ಹೇಳಿ ಮುಗಿಸಿದಳು. ಅವನು ಬೆಳ್ಳಗಾದ ಮೊಟ್ಟೆಗಳನ್ನು ಬಗ್ಗಿ ನೋಡಿದ.

"ಕೇಳಿದ್ರ ಹೇಳ್ತಿದ್ದೆ, ಮಂದಾ."

"ಕೇಳ್ಲಿಕ್ಕೆ ಬಾಯಿ ಬರಲಿಲ್ಲ." ಅವಳಿಗೆ ತಡೆಯಲಾಗಲಿಲ್ಲ. "ನಾ ಹದಿನಾರು ವರ್ಷ ಕಿಟಕಿ ಹಾಕ್ರಿ ಅಂದೆ. ಒಂದ ದಿನ ಹಾಕಲಿಲ್ಲ ನೀವು."

ಪ್ರಹ್ಲಾದ ತೊಟ್ಟಿಯ ಮುಂದೆ ಕುಳಿತ. "ನೀ ತೊಟ್ಟಿ ಸಲುವಾಗಿ ಹಾಕ್ರಿ ಅಂತಿದ್ದಿ. ನಿನ್ನ ಸಲುವಾಗಿ ಅಂತ ಒಂದ ಸಲ ಅಂದಿದ್ರ ಹಾಕತಿದ್ದೆ" ಎಂದ.

ಕ್ಯಾನು ಖಾಲಿಯಾಗುವ ತನಕ ಮೂವರೂ ಹನಿ ಬೀಳುವುದನ್ನು ನೋಡುತ್ತ ಕುಳಿತರು.

ಹೊರಡುವ ಮುಂಚೆ ಮಂದಾಕಿನಿ ಹೊಸ ಕಲ್ಲು ತಂದಿಡುವ ಮಾತೆತ್ತಿದಳು. "ಕಲ್ಲು ಬ್ಯಾಡ್ರಿ" ಎಂದಳು ಕಸ್ತೂರಿ. "ಕೈಲೆ ಹ್ಯಾಂಗ ಮಾಡೂದು ಅದನ್ನ ಹೇಳಿ ಹೋಗ್ರಿ. ಮೀನು ನಾವು ನೋಡಿಕೋತೀವಿ. ಆದ್ರ ಇನ್ನ ಮುಂದ ನೀವು ಬರಬ್ಯಾಡ್ರಿ."

ಮಂದಾಕಿನಿ ಹೇಳಿಕೊಟ್ಟಳು. ಮಳೆನೀರು ಎಷ್ಟು, ಬೋರ್‌ವೆಲ್ ನೀರು ಎಷ್ಟು. ಕಪ್ಪೆಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಟ್ಟರೆ ಹುಳಿ ಏರಿದಾಗ ಅದು ತಾನೇ ಕರಗಿ ತಡೆಯುವ ಬಗೆ. ಪರೀಕ್ಷೆಯ ಹನಿ ಹಾಕಿದಾಗ ಬರುವ ಬಣ್ಣ. ಕಸ್ತೂರಿ ಒಂದೊಂದನ್ನೂ ಎರಡು ಸಲ ಕೇಳಿ ತಿಳಿದುಕೊಂಡಳು. ಬೀಳ್ಕೊಡಲು ಬಾಗಿಲಿಗೆ ಬರಲಿಲ್ಲ.

ಕೇಂದ್ರಕ್ಕೆ ಮರಳಿದ ಮಂದಾಕಿನಿ ನಿರ್ದೇಶಕರ ಮುಂದೆ ನಡೆದದ್ದನ್ನೆಲ್ಲ ಹೇಳಿದಳು. ಕಲ್ಲುಗಳಿಗೆ ಕೈಯಾರೆ ಆಜ್ಞೆ ಕೊಡುವ ಅಧಿಕಾರವನ್ನು ಅವಳಿಂದ ತೆಗೆದರು. ಅವಳು ತಾನಾಗಿಯೇ ಇನ್ನೊಂದು ಕೆಲಸ ಕೇಳಿ ಪಡೆದಳು. ಎಲ್ಲ ಕಲ್ಲುಗಳ ಕಣ್ಣನ್ನು ಮಂದ ಮಾಡುವುದು. ಮೀನಿಗೆ ಅಪಾಯವಾಗುವಷ್ಟು ನೀರು ಕೆಟ್ಟರೆ ತಿಳಿಯಬೇಕು, ಅದಕ್ಕಿಂತ ಸೂಕ್ಷ್ಮವಾದದ್ದು ಯಾವುದೂ ಮನೆಯಿಂದ ಹೊರಗೆ ಬರಬಾರದು. ಮುರಿಗೆಪ್ಪನಿಗೆ ಮೊದಮೊದಲು ಬೇಸರವಾಯಿತು. "ಯಾರ ಮನ್ಯಾಗ ಏನಂತ ಒಂದೂ ತಿಳಿವಲ್ದು ಮೇಡಂ" ಎಂದ. ಆಮೇಲೆ ಅದೇ ರೂಢಿಯಾಯಿತು.

ಅವಳ ಹೊಟ್ಟೆಯ ಉರಿ ಅದರಿಂದ ಆರಲಿಲ್ಲ. ಸಂಜೆಯ ಚಹಾದ ಹೊತ್ತಿಗೆ ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು. ಅಲ್ಲಿ ಆ ಮನೆಯ ಗೆರೆಯೇ ಇರಲಿಲ್ಲ. ಆ ಮನೆಯವರು ವಾರಕ್ಕೊಮ್ಮೆ ಫೋನಿನಲ್ಲಿ ವರದಿ ಕೊಡುತ್ತಿದ್ದರು, ಮುರಿಗೆಪ್ಪ ಅದನ್ನು ಕೇಳಿಕೊಂಡು ಹೇಳುತ್ತಿದ್ದ, ಅವಳು ಕಂಪ್ಯೂಟರಿಗೆ ಸೇರಿಸುತ್ತಿದ್ದಳು.

ಮಳೆಗಾಲ ಕಾಲಿಟ್ಟ ಒಂದು ಬೆಳಿಗ್ಗೆ ಮುರಿಗೆಪ್ಪ ಫೋನ್ ಹಿಡಿದುಕೊಂಡೇ ಕೂಗಿದ. "ಮೇಡಂ, ನಲವತ್ತೊಂದರಾಗ ಮರಿ ಆಗ್ಯಾವಂತ!"

ಮುನ್ನೂರು ಮನೆಗಳಲ್ಲಿ ಮೊದಲ ಮರಿಗಳು. ಕಲ್ಲಿಲ್ಲದ ತೊಟ್ಟಿಯಲ್ಲಿ, ಮುಂಜಾನೆ ಬಸ್ಸು ಹತ್ತುವ ಮೊದಲು ನೀರು ಬೆರೆಸುವ ಹೆಂಗಸಿನ ಕೈಯಲ್ಲಿ. ತನಗಾದದ್ದು ಸಂತೋಷವೋ ಹೊಟ್ಟೆಕಿಚ್ಚೋ ಮಂದಾಕಿನಿಗೆ ಬೇರೆ ಮಾಡಿ ನೋಡಲಾಗಲಿಲ್ಲ.

"ಎಷ್ಟಂತ?"

"ಎಣಿಸಾಕ ಆಗಿಲ್ಲಂತ್ರಿ. ಕಣ್ಣಿಗೆ ಸಾಸಿವಿ ಕಾಳಿನಂಗ ಕಾಣ್ತಾವಂತ."

"ಪಿಎಚ್ ಎಷ್ಟಂತ ಕೇಳ್ರಿ."

ಮುರಿಗೆಪ್ಪ ಕೇಳಿದ, ಆ ಕಡೆಯ ಮಾತನ್ನು ಆಲಿಸಿ ನಕ್ಕ. "ಏಳಕ್ಕಿಂತ ಒಂಚೂರು ಕಡಿಮಿ, ಅಷ್ಟ ಸಾಕು ಅಂತ ಹೇಳಾಕತ್ತಾರ್ರಿ ಅಕ್ಕಾರು."

ಅಂಕಿ ಹಾಕಬೇಕಾದ ಜಾಗದಲ್ಲಿ ಕಂಪ್ಯೂಟರು ಕಾಯುತ್ತಿತ್ತು. ಮಂದಾಕಿನಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ 'ಏಳಕ್ಕಿಂತ ಒಂಚೂರು ಕಡಿಮಿ' ಎಂದು ಅಕ್ಷರದಲ್ಲೇ ಬರೆದು, ಮುಂದಿನ ಮನೆಯ ಸಾಲಿಗೆ ಹೋದಳು.